ಅರ್ಧ ಕಡಿದ ಬೂದಿದಿಬ್ಬ: ಹನ್ನೆರಡು ದಿನದಲ್ಲಿ ಉಳಿದದ್ದು, ಹೋದದ್ದು

ಬಳ್ಳಾರಿ–ರಾಯಚೂರು ಗಡಿಯ ಒಂದು ಊರಿನಲ್ಲಿ ಜೆಸಿಬಿ ಕಡಿದ ಬೂದಿದಿಬ್ಬವನ್ನು, ಅಂದರೆ ಹೊಸ ಶಿಲಾಯುಗದ ದನಗಾಹಿಗಳು ಬಿಟ್ಟುಹೋದ ಬೂದಿಯ ಗುಡ್ಡೆಯನ್ನು, ಪುರಾತತ್ತ್ವದ ತಂಡವೊಂದು ಹನ್ನೆರಡು ದಿನ ದಾಖಲಿಸಿದ ಪ್ರಕರಣ ಇದು. ಊರಿನ ಹೆಸರು, ಸರ್ವೆ ನಂಬರು, ಹೊಲದವರ ಹೆಸರು, ಕೆಲಸ ನಡೆದ ವರ್ಷ ಯಾವುದನ್ನೂ ಇಲ್ಲಿ ಕೊಟ್ಟಿಲ್ಲ. ಪ್ರಯೋಗಾಲಯದಿಂದ ಬಂದ ಕಾಲನಿರ್ಣಯದ ಅಂಕಿಗಳನ್ನೂ ಬಿಟ್ಟಿದೆ. ಅವನ್ನು ಹಿಡಿದು ಹುಡುಕಿದರೆ ಜಾಗ ಪತ್ತೆಯಾಗುತ್ತದೆ, ನಿಧಿ ಆಸೆಗೆ ರಾತ್ರಿ ಅಗೆಯುವವರ ಕಾಟ ಈ ಸೀಮೆಯಲ್ಲಿ ಇನ್ನೂ ನಿಂತಿಲ್ಲ. ಕೆಲಸದ ಕ್ರಮ ಮತ್ತು ತಪ್ಪುಗಳನ್ನು ಮಾತ್ರ ಮುಚ್ಚಿಟ್ಟಿಲ್ಲ.

ಹಿನ್ನೆಲೆ

ಬೂದಿದಿಬ್ಬ ಈ ಭಾಗದವರಿಗೆ ಹೊಸದಲ್ಲ. ಬಳ್ಳಾರಿಯಿಂದ ಹೊಸಪೇಟೆ ಕಡೆ ಹೋಗುವಾಗ ಕುಡತಿನಿಯಲ್ಲಿ ಒಂದಿದೆ. ಬೂದಿಕನಮ ಎಂಬ ಜಾಗದ ಹೆಸರೇ ಬೂದಿಯಿಂದ ಬಂದದ್ದು. ಹಂಪಿ ಹತ್ತಿರದ ನಿಂಬಾಪುರದ ದಿಬ್ಬವನ್ನು ಜನ ವಾಲಿಯ ಚಿತೆಯ ಬೂದಿ ಎಂದು ನಂಬಿಕೊಂಡು ಬಂದಿದ್ದಾರೆ. 19ನೇ ಶತಮಾನದಲ್ಲಿ ನ್ಯೂಬೋಲ್ಡ್ ಎಂಬ ಬ್ರಿಟಿಷ್ ಸೇನಾಧಿಕಾರಿ ಬೂದಿಕನಮದ ದಿಬ್ಬವನ್ನು ಅಗೆಸಿ ನೋಡಿದ. ಆಮೇಲೆ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಬಂದು, ಇದು ದನದ ಸಗಣಿ ಸುಟ್ಟ ಬೂದಿ ಎಂದ. ಕಬ್ಬಿಣ ಕರಗಿಸಿದ ಕುಲುಮೆಯ ಕಿಟ್ಟ ಎಂದು ವಾದಿಸಿದವರೂ ಇದ್ದರು. ಕೆಲವು ದಿಬ್ಬಗಳಲ್ಲಿ ಬೂದಿ ಕರಗಿ ಗಾಜಿನಂತೆ ಗಟ್ಟಿಯಾಗಿರುವುದರಿಂದ ಆ ಅನುಮಾನ ಬರುವುದು ಸಹಜವೇ. 1957ರಲ್ಲಿ ಪುರಾತತ್ತ್ವಜ್ಞ ಆಲ್ಚಿನ್ ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಅಗೆದಾಗ ಬೂದಿಯ ನಡುವೆ ದನದ ಗೊರಸಿನ ಗುರುತುಗಳು ಸಿಕ್ಕವು. 1960ರಲ್ಲಿ ವಿಜ್ಞಾನಿ ಝಾಯ್ನರ್ ಬಳ್ಳಾರಿ ಸೀಮೆಯ ಬೂದಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಅದು ಸಗಣಿಯೇ ಎಂದು ತೋರಿಸಿದ. ಅಲ್ಲಿಗೆ ವಾದ ಮುಗಿಯಿತು. ಈ ದಿಬ್ಬಗಳು ಹೊಸ ಶಿಲಾಯುಗದ ದನಗಾಹಿಗಳ ದೊಡ್ಡಿಗಳು, ಸ್ಥೂಲವಾಗಿ ಕ್ರಿ.ಪೂ. 3000ದಿಂದ 1200ರ ನಡುವಿನವು. ದೊಡ್ಡಿಯಲ್ಲಿ ಸಗಣಿ ಪದರ ಪದರವಾಗಿ ಸೇರುತ್ತಿತ್ತು, ಮತ್ತೆ ಮತ್ತೆ ಬೆಂಕಿ ಹಚ್ಚುತ್ತಿದ್ದರು. ಯಾಕೆ ಹಚ್ಚುತ್ತಿದ್ದರು, ಹಬ್ಬಕ್ಕೋ ರೋಗಕ್ಕೋ ಊರು ಬಿಡುವಾಗಲೋ, ಎಂಬ ಪ್ರಶ್ನೆಗೆ ಉತ್ತರ ಇರುವುದು ಆ ಪದರಗಳ ಅನುಕ್ರಮದಲ್ಲಿ. ಅನುಕ್ರಮ ಕಲಸಿಹೋದರೆ ಉಳಿಯುವುದು ಬರೀ ಬೂದಿ.

ನಮ್ಮ ಪ್ರಕರಣದ ದಿಬ್ಬ ಎರೆ (ಕಪ್ಪು) ಹೊಲ ಮತ್ತು ಮಸಾರಿ (ಕೆಂಪು ನೆಲ) ಕೂಡುವ ಕಡೆ, ಒಂದು ಕಲ್ಲುಗುಡ್ಡದ ಬುಡದಲ್ಲಿತ್ತು. ಅಡ್ಡಳತೆ ಸುಮಾರು 34 ಮೀಟರ್. ಪಟ್ಟಾ ಜಮೀನು. ಸಂರಕ್ಷಿತ ಸ್ಮಾರಕಗಳ ಪಟ್ಟಿಯಲ್ಲಿ ಇರಲಿಲ್ಲ. ನೂರಕ್ಕೂ ಹೆಚ್ಚು ಬೂದಿದಿಬ್ಬಗಳು ದಾಖಲಾಗಿವೆ, ಬಹುಪಾಲಿನದು ಇದೇ ಸ್ಥಿತಿ.

ಹೊಲದ ಮನೆಯವರು ಎರಡು ತಲೆಮಾರಿನಿಂದ ಅದರ ಬೂದಿಯನ್ನು ಬುಟ್ಟಿಯಲ್ಲಿ ಹೊತ್ತು ಗೊಬ್ಬರಕ್ಕೆ ಹಾಕುತ್ತಿದ್ದರು. ಬುಟ್ಟಿಯ ಕಾಲದಲ್ಲಿ ದಿಬ್ಬಕ್ಕೆ ಆದ ಗಾಯ ಸಣ್ಣದು. ಟ್ರ್ಯಾಕ್ಟರ್ ಟ್ರಿಪ್ಪಿಗೆ ಇಷ್ಟು ಎಂದು ಬೂದಿ ಮಾರಲು ಶುರುವಾದ ಮೇಲೆ ಜೆಸಿಬಿ ಬಂತು. ಮೂರು ದಿನದಲ್ಲಿ ದಿಬ್ಬದ ಪೂರ್ವ ಭಾಗ ಹೋಗಿ, 11 ಮೀಟರ್ ಉದ್ದ, 2.6 ಮೀಟರ್ ಎತ್ತರದ ನೇರ ಗೋಡೆಯೊಂದು ಉಳಿಯಿತು.

ಸುದ್ದಿ ಹೊರಬಿದ್ದದ್ದು

ಗೋಡೆಯ ದಕ್ಷಿಣ ತುದಿಯಲ್ಲಿ, ಬೂದಿ ಮುಗಿದು ಕಂದು ಮಣ್ಣು ಶುರುವಾಗುವ ಕಡೆ, ಜೆಸಿಬಿಯ ಬಕೆಟ್ ಒಂದು ಮಡಕೆಯನ್ನು ಉದ್ದಕ್ಕೆ ಸೀಳಿತು. ಒಳಗೆ ಸಣ್ಣ ಎಲುಬುಗಳಿದ್ದವು. ಊರಿನ ಶಾಲೆಯ ಮೇಷ್ಟ್ರು ಸಂಜೆ ಫೋಟೊ ತೆಗೆದು ಪರಿಚಿತರಿಗೆ ಕಳಿಸಿದರು. ರಾತ್ರಿಯೊಳಗೆ ಆ ಫೋಟೊ ಮೂರು ವಾಟ್ಸಾಪ್ ಗುಂಪುಗಳಲ್ಲಿ ತಿರುಗಿತು. "ಮಡಕ್ಯಾಗ ಬಂಗಾರ ಐತಂತ" ಎಂಬ ಮಾತು ಪಕ್ಕದ ಊರಿಗೆ ಮುಟ್ಟಿತು. ಬೆಳಗ್ಗೆ ನೋಡಿದರೆ ಮಡಕೆಯ ಪಕ್ಕ ಹಾರೆಯಿಂದ ತೋಡಿದ ಒಂದು ಮೊಳ ಆಳದ ಗುಂಡಿ.

ಇಲ್ಲಿ ಮೊದಲ ಪಾಠ ತಂತ್ರದ್ದಲ್ಲ, ಫೋನಿನದು. ಫೋನಿನಲ್ಲಿ ಲೊಕೇಶನ್ ಆನ್ ಇದ್ದರೆ ಫೋಟೊದ ಒಳಗೇ ಅಕ್ಷಾಂಶ ರೇಖಾಂಶ ಕೂತಿರುತ್ತವೆ, ಫೈಲನ್ನು ಡಾಕ್ಯುಮೆಂಟ್ ಆಗಿ ಕಳಿಸಿದರೆ ಅವೂ ಜೊತೆಗೆ ಹೋಗುತ್ತವೆ. ಹಿಂದೆ ಗುಡ್ಡದ ಅಂಚು ಕಾಣುವ ಹಾಗೆ ತೆಗೆದ ಚಿತ್ರವಾದರೆ ಅಕ್ಷಾಂಶವೂ ಬೇಡ, ಸುತ್ತಲಿನವರು ಗುಡ್ಡ ನೋಡಿಯೇ ಜಾಗ ಹೇಳುತ್ತಾರೆ. ಇಂಥದ್ದು ಕಂಡರೆ ಹತ್ತಿರದಿಂದ, ನೆಲ ಮಾತ್ರ ಕಾಣುವಂತೆ, ಅಳತೆಗೆ ಒಂದು ಪೆನ್ನು ಇಟ್ಟು ತೆಗೆದು, ಪುರಾತತ್ತ್ವ ಇಲಾಖೆಗೆ ಅಥವಾ ವಿಶ್ವವಿದ್ಯಾಲಯದ ಪುರಾತತ್ತ್ವ ವಿಭಾಗಕ್ಕೆ ಮಾತ್ರ ಕಳಿಸಬೇಕು. ಮೇಷ್ಟ್ರದು ಕೆಟ್ಟ ಉದ್ದೇಶವಲ್ಲ. ಅವರು ಹೇಳದಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ನೋಟಿಸೋ, ಮಾತುಕತೆಯೋ

ಮೇ ತಿಂಗಳ ನಡುವಿನಲ್ಲಿ ತಂಡ ಸ್ಥಳಕ್ಕೆ ಬಂತು. ಇಬ್ಬರು ಪುರಾತತ್ತ್ವಜ್ಞರು, ಒಬ್ಬ ಸಂಶೋಧನಾ ವಿದ್ಯಾರ್ಥಿ, ಮೇಷ್ಟ್ರು, ಊರಿನ ನಾಲ್ಕು ಜನ ಕೂಲಿಯವರು. ಕೈಯಲ್ಲಿದ್ದದ್ದು ತೆರೆದು ನಿಂತ ಗೋಡೆಯನ್ನು ದಾಖಲಿಸಿ ಮಾದರಿ ತೆಗೆದುಕೊಳ್ಳಲು ಮತ್ತು ಒಡೆದ ಮಡಕೆಯನ್ನು ಎತ್ತಲು ಅನುಮತಿ. ಹೊಸದಾಗಿ ಅಗೆಯಲು ಅನುಮತಿ ಇರಲಿಲ್ಲ, ಕೇಳಿಯೂ ಇರಲಿಲ್ಲ. ಮುಂಗಾರಿಗೆ ಉಳಿದದ್ದು ಹೆಚ್ಚೆಂದರೆ ಮೂರು ವಾರ.

ತಾಲ್ಲೂಕು ಮಟ್ಟದಲ್ಲಿ ಬಂದ ಮೊದಲ ಸಲಹೆ, ಹೊಲದವರಿಗೆ ನೋಟಿಸ್ ಕೊಡಿಸಿ ಎಂದು. ತಂಡದ ಒಬ್ಬರಿಗೂ ಅದೇ ಸರಿ ಕಂಡಿತು. ಇನ್ನೊಬ್ಬರು ಬೇಡ ಎಂದರು, ಅವರ ಕಾರಣ ಸರಳ. ನೋಟಿಸ್ ತಯಾರಾಗಿ ಕೈಗೆ ಮುಟ್ಟಲು ವಾರ ಬೇಕು, ಸುದ್ದಿ ಮುಟ್ಟಲು ಒಂದು ತಾಸು ಸಾಕು. ಸರಕಾರ ಹೊಲ ಕಿತ್ತುಕೊಳ್ಳುತ್ತದೆ ಎಂಬ ಭಯ ಹುಟ್ಟಿದರೆ ಒಂದೇ ರಾತ್ರಿಯಲ್ಲಿ ಜೆಸಿಬಿ ದಿಬ್ಬವನ್ನು ಪೂರ್ತಿ ಎತ್ತುತ್ತದೆ. ಬೂದಿದಿಬ್ಬಗಳು ಹಾಗೆ ಹೋದದ್ದುಂಟು.

ಮನೆಯ ಹಿರಿಯರ ಕಟ್ಟೆಯ ಮೇಲೆ ಮಾತು ನಡೆಯಿತು. "ಸರ, ಹೊಲ ನಮ್ದು, ಬೂದಿ ನಮ್ದು. ನಮ್ಮಪ್ಪನ ಕಾಲದಿಂದ ಹಾಕ್ಕೊಂತ ಬಂದೀವಿ. ಈಗ್ಯಾಕ ಕೇಳಾಕ ಬಂದೀರಿ?" ಎಂದರು ಅವರು. ಆ ಪ್ರಶ್ನೆಗೆ ಕಾನೂನು ಓದಿ ಹೇಳಿದ್ದರೆ ಮಾತು ಅಲ್ಲೇ ಮುಗಿಯುತ್ತಿತ್ತು. ತಂಡ ಬೂದಿಯ ಗೊಬ್ಬರದ ಗುಣದಿಂದಲೇ ಮಾತು ಎತ್ತಿತು. ಅವರ ಅನುಭವ ಸುಳ್ಳಲ್ಲ. ಕೀನ್ಯಾದ ನೈಋತ್ಯ ಭಾಗದಲ್ಲಿ 1550ರಿಂದ 3700 ವರ್ಷ ಹಳೆಯ ದನಗಾಹಿಗಳ ದೊಡ್ಡಿಗಳಿದ್ದ ಜಾಗಗಳಲ್ಲಿ ಇವತ್ತಿಗೂ ರಂಜಕ, ಸುಣ್ಣ, ಮೆಗ್ನೀಸಿಯಂ ಸುತ್ತಲ ನೆಲಕ್ಕಿಂತ ಹೆಚ್ಚಿವೆ, ಹುಲ್ಲು ಚೆನ್ನಾಗಿ ಬೆಳೆಯುತ್ತದೆ ಎಂದು 2018ರಲ್ಲಿ ನೇಚರ್ ಪತ್ರಿಕೆಯಲ್ಲಿ ಅಧ್ಯಯನ ಬಂದಿದೆ. ಸಾವಿರಾರು ವರ್ಷವಾದರೂ ಸಗಣಿಯ ಸತ್ವ ಹೋಗಿಲ್ಲ. ಆದರೆ ನೆಲದಿಂದ ನೆಲಕ್ಕೆ ಲೆಕ್ಕ ಬೇರೆ. ನಮ್ಮ ಎರೆ ಭೂಮಿ ಮೊದಲೇ ಸುಣ್ಣದ ಅಂಶದ ಕ್ಷಾರ ನೆಲ. ಅದಕ್ಕೆ ಇನ್ನಷ್ಟು ಕ್ಷಾರದ ಬೂದಿ ಸುರಿದರೆ ರಂಜಕ ಸುಣ್ಣದ ಜೊತೆ ಕಟ್ಟಿಕೊಂಡು ಬೆಳೆಯ ಬೇರಿಗೆ ಸಿಗುವುದಿಲ್ಲ, ಜಿಂಕ್, ಕಬ್ಬಿಣದ ಕೊರತೆಯೂ ಹೆಚ್ಚುತ್ತದೆ. ಬೂದಿ ಹಾಕಿದ ಎರೆ ಹೊಲದ ಮಣ್ಣು ಪರೀಕ್ಷೆಗೆ ಹೋಯಿತು. ಪಿಎಚ್ ಎಂಟೂವರೆ ದಾಟಿತ್ತು. ಮಸಾರಿಯಲ್ಲಿ ಅಷ್ಟು ತೊಂದರೆ ಕಾಣಲಿಲ್ಲ. ಬೂದಿಯ ಬೆಲೆ ತಾವು ಅಂದುಕೊಂಡಷ್ಟಿಲ್ಲ ಎಂದು ಹಿರಿಯರಿಗೆ ಮನವರಿಕೆಯಾದದ್ದು ಆ ಚೀಟಿಯಿಂದ.

ಕೊನೆಗೆ ಆದ ಒಪ್ಪಂದ ಹೀಗೆ: ಹದಿನೈದು ದಿನ ಯಂತ್ರ ನಿಲ್ಲುತ್ತದೆ, ನಿಂತ ದಿಬ್ಬವನ್ನು ಮುಟ್ಟುವುದಿಲ್ಲ. ಜೆಸಿಬಿ ಆಗಲೇ ಕೆಡವಿ ಗುಡ್ಡೆ ಹಾಕಿದ್ದ ಬೂದಿಯನ್ನು 5 ಮಿಲಿಮೀಟರ್ ಜಾಳಿಗೆಯಲ್ಲಿ ಜರಡಿ ಹಿಡಿದು, ಬೋಕಿ (ಮಡಕೆ ಚೂರು), ಎಲುಬು, ಕಲ್ಲಿನ ಚೂರು ತೆಗೆದ ಮೇಲೆ ಹೊಲದವರು ಒಯ್ಯಬಹುದು. ಇದು ತಪ್ಪು ಎಂದು ಆಮೇಲೆ ಕೆಲವರು ಆಕ್ಷೇಪಿಸಿದರು. ಆಕ್ಷೇಪದಲ್ಲಿ ಹುರುಳಿದೆ, ಕೆಡವಿದ ಬೂದಿಯಲ್ಲೂ ಮಾಹಿತಿ ಇರುತ್ತದೆ. ಆದರೆ ಅದರ ಪದರ ಆಗಲೇ ಕಲಸಿತ್ತು. ಕಲಸಿದ್ದನ್ನು ಬಿಟ್ಟುಕೊಟ್ಟು ಕಲಸದೆ ನಿಂತದ್ದನ್ನು ಪಡೆದ ಆ ವ್ಯವಹಾರ ಸರಿಯಾದದ್ದೇ ಎಂದು ಈ ಬರಹದ ನಿಲುವು.

ಮಡಕೆಗೆ ಹೋದ ಎರಡು ದಿನ

ಮೊದಲ ಎರಡು ದಿನ ತಂಡ ಪೂರ್ತಿಯಾಗಿ ಮಡಕೆಯ ಹಿಂದೆ ಬಿತ್ತು. ಜನ ಸೇರುತ್ತಿದ್ದದ್ದು ಅಲ್ಲಿ, ರಾತ್ರಿ ಕದಿಯುವ ಭಯ ಇದ್ದದ್ದೂ ಅದಕ್ಕೆ. ಮನೆಯ ನೆಲದ ಕೆಳಗೆ ಮಕ್ಕಳನ್ನು ಮಡಕೆಯಲ್ಲಿಟ್ಟು ಹೂಳುವುದು ಹೊಸ ಶಿಲಾಯುಗದ ಈ ಸೀಮೆಯ ಪದ್ಧತಿ, ತೆಕ್ಕಲಕೋಟೆಯಂಥ ಕಡೆ ಅದು ಸಿಕ್ಕಿದೆ. ಒಳಗಿನ ಮಣ್ಣನ್ನು ಹೊಲದಲ್ಲೇ ತೆಗೆಯುವ ಆಸೆಯನ್ನು ತಂಡ ಬಿಟ್ಟಿತು, ಮಡಕೆಯನ್ನು ಮಣ್ಣಿನ ಗಡ್ಡೆಯ ಸಮೇತ ಎತ್ತಲು ತೀರ್ಮಾನಿಸಿತು. ಅದು ಒಳ್ಳೆಯ ನಿರ್ಧಾರ. ಮಗುವಿನ ಎಲುಬು ಬಿಸಿಲಿಗೆ ಒಂದು ತಾಸು ಬಿದ್ದರೆ ಬಿರಿಯಲು ಶುರುವಾಗುತ್ತದೆ.

ಎತ್ತುವ ಕ್ರಮ ಹೀಗಿತ್ತು. ಮೊದಲು ಮಡಕೆಯ ಸುತ್ತ ಒಂದು ಗೇಣು ಮಣ್ಣು ಬಿಟ್ಟು ಮೂರು ಬದಿ ಕಂಬದಂತೆ ಬಿಡಿಸಿಕೊಂಡರು. ಮೇಲೆ ಒದ್ದೆ ಮಾಡಿದ ಟಿಶ್ಯೂ ಕಾಗದದ ನಾಲ್ಕು ಪದರ ಹಚ್ಚಿದರು. ಈ ಕಾಗದ ಇಲ್ಲದೆ ಪ್ಲಾಸ್ಟರ್ ನೇರ ಹಚ್ಚಿದರೆ ಬಿಚ್ಚುವಾಗ ಮಡಕೆಯ ಮೈ ಸಿಪ್ಪೆ ಏಳುತ್ತದೆ. ಅದರ ಮೇಲೆ ಮೆಡಿಕಲ್ ಅಂಗಡಿಯಲ್ಲಿ ಸಿಗುವ 15 ಸೆಂಟಿಮೀಟರ್ ಅಗಲದ ಪ್ಲಾಸ್ಟರ್ ಪಟ್ಟಿ, ಮೂಳೆ ಮುರಿದಾಗ ಕಟ್ಟುವಂಥದ್ದು, ಒಂದರ ಮೇಲೆ ಒಂದು ಅರ್ಧ ಬರುವಂತೆ ಮೂರು ಸುತ್ತು. ನೆರಳು ಮಾಡಿ ಒಂದು ಗಂಟೆ ಬಿಟ್ಟರು. ಆಮೇಲೆ ಬುಡದಲ್ಲಿ ತೆಳು ತಗಡನ್ನು ಗರಗಸದಂತೆ ಆಡಿಸುತ್ತ ತೂರಿಸಿ, ತಗಡಿನ ಕೆಳಗೆ ಹಲಗೆ ಸರಿಸಿ, ಎರಡು ಹಗ್ಗ ಬಿಗಿದು ನಾಲ್ವರು ಎತ್ತಿದರು. ಬುಡದ ಮಣ್ಣು ಸ್ವಲ್ಪ ಉದುರಿತು. ಉದುರಿದ್ದನ್ನೂ ಬೇರೆ ಚೀಲಕ್ಕೆ ಹಾಕಿ ಅದೇ ನಂಬರು ಕೊಟ್ಟರು.

ಕೆಲಸ ಅಚ್ಚುಕಟ್ಟಾಗಿ ಆಯಿತು. ಆದರೆ ಆ ಎರಡು ಮಧ್ಯಾಹ್ನ ಬೀಸಿದ ಒಣ ಗಾಳಿಗೆ ಗೋಡೆಯ ಮೇಲ್ಭಾಗದ ಸಡಿಲ ಬೂದಿ ಎರಡು ಕಡೆ ಜರಿಯಿತು, ಉತ್ತರದ ತುದಿಯ ಒಂದೂವರೆ ಮೀಟರಿನ ಪದರ ಓದಲು ಸಿಗಲೇ ಇಲ್ಲ. ಮಡಕೆ ಮಣ್ಣಿನಲ್ಲಿ ಗಟ್ಟಿಯಾಗಿ ಕೂತಿತ್ತು, ಒಬ್ಬ ಕಾವಲುಗಾರ ಇದ್ದಿದ್ದರೆ ಇನ್ನೂ ನಾಲ್ಕು ದಿನ ಕೂರುತ್ತಿತ್ತು. ಬೂದಿ ಕೂರುವಂಥದ್ದಲ್ಲ. ಮೊದಲ ದಿನವೇ ಗೋಡೆಯ ಪೂರ್ತಿ ಫೋಟೊ ತೆಗೆದು, ಸಡಿಲ ಭಾಗಕ್ಕೆ ಗೋಣಿತಟ್ಟು ಇಳಿಬಿಟ್ಟು, ಆಮೇಲೆ ಮಡಕೆಗೆ ಹೋಗಬೇಕಿತ್ತು. ಕಣ್ಣು ಸೆಳೆಯುವುದಕ್ಕೂ ಬೇಗ ಅಳಿಯುವುದಕ್ಕೂ ಇರುವ ವ್ಯತ್ಯಾಸ ಮರೆತ ತಪ್ಪು ಇದು. ಈ ಪ್ರಕರಣದ ದೊಡ್ಡ ನಷ್ಟವೂ ಇದೇ.

ಗೋಡೆ ಓದಿದ್ದು

ಮೂರನೇ ದಿನ ಗೋಡೆಗೆ ಕೈ ಹಚ್ಚಿದರು. ಗಾರೆ ಕೆಲಸದ ಕರಣಿಯಿಂದ ಮೇಲಿನಿಂದ ಕೆಳಕ್ಕೆ ತೆಳ್ಳಗೆ ಕೆರೆದು ಜೆಸಿಬಿಯ ಹಲ್ಲಿನ ಗೀರು ತೆಗೆಯಬೇಕು. ಕೆಳಗಿನಿಂದ ಶುರುಮಾಡಿದರೆ ಮೇಲಿನ ಪುಡಿ ಬಿದ್ದು ಶುಚಿ ಮಾಡಿದ್ದೆಲ್ಲ ಮತ್ತೆ ಮುಚ್ಚುತ್ತದೆ. ಕೆರೆದದ್ದು ಎರಡು ಬೆರಳಿಗಿಂತ ಹೆಚ್ಚಿಲ್ಲ. ಗಾರೆಯವರ ನೀರಿನ ಪೈಪಿನಿಂದ ಮಟ್ಟ ನೋಡಿ, ಒಂದು ದಾರವನ್ನು ಗೋಡೆಯುದ್ದಕ್ಕೂ ಕಟ್ಟಿ, ಮೀಟರಿಗೊಂದು ಮೊಳೆ ಹೊಡೆದು ಚೌಕ ಮಾಡಿದರು. ಬಿಳಿ ಬೂದಿ ಬಿಸಿಲಿಗೆ ಕಣ್ಣು ಕುಕ್ಕುತ್ತದೆ, ಫೋಟೊದಲ್ಲಿ ಪದರವೇ ಕಾಣುವುದಿಲ್ಲ. ಗೋಡೆ ಪೂರ್ವಕ್ಕೆ ಮುಖ ಮಾಡಿದ್ದರಿಂದ ಬೆಳಗಿನ ಬಿಸಿಲು ನೇರ ಬೀಳುತ್ತಿತ್ತು. ಸೂರ್ಯ ಹುಟ್ಟುವ ಮುಂಚಿನ ಅರ್ಧ ತಾಸು, ಇಲ್ಲವೇ ಸಂಜೆ ನಾಲ್ಕರ ಮೇಲೆ ಗೋಡೆಯೇ ನೆರಳಿಗೆ ಬಂದಾಗ ತೆಗೆದ ಚಿತ್ರಗಳು ಮಾತ್ರ ಕೆಲಸಕ್ಕೆ ಬಂದವು. ಗಿಡಕ್ಕೆ ಔಷಧಿ ಹೊಡೆಯುವ ಸಣ್ಣ ಕೈಪಂಪಿನಿಂದ (ಹೊಸದು, ಔಷಧಿ ತಾಗಿರದದ್ದು) ನೀರಿನ ಮಂಜು ಹಿಡಿದರೆ ಬಣ್ಣಗಳು ಎದ್ದು ಕಾಣುತ್ತವೆ.

ಕಂಡದ್ದು ಹೀಗೆ. ತಳದಲ್ಲಿ ಗರಸು. ಅದರ ಮೇಲೆ 35 ಸೆಂಟಿಮೀಟರ್ ಗಟ್ಟಿ ಕಂದು ಪದರ, ಪೂರ್ತಿ ಸುಡದ ಸಗಣಿ, ಚಾಪೆ ಮೇಲೆ ಚಾಪೆ ಹಾಸಿದಂತೆ. ಅದರ ಮೇಲೆ 60 ಸೆಂಟಿಮೀಟರ್ ಬೂದು ಬಣ್ಣದ ಬೂದಿ, ಮತ್ತೆ ಬೆರಳಗಲ ಕೆಂಪಗೆ ಸುಟ್ಟ ಮಣ್ಣು. ಆಮೇಲೆ 70 ಸೆಂಟಿಮೀಟರ್ ಬಿಳಿ ಬೂದಿ, ಮೇಲೆ 10ರಿಂದ 25 ಸೆಂಟಿಮೀಟರ್ ಕಿಟ್ಟದಂಥ ಗಾಜು ಗಟ್ಟಿದ ಪದರ, ತುದಿಗೆ ಸಡಿಲ ಬೂದಿ. ಕೆಂಪು ಮಣ್ಣಿನ ಆ ಬೆರಳಗಲದ ಗೆರೆ ತುಂಬ ಮುಖ್ಯ. ಬೂದಿಯನ್ನು ಬೇರೆಡೆ ಸುಟ್ಟು ತಂದು ಸುರಿದಿದ್ದರೆ ಕೆಳಗಿನ ಮಣ್ಣು ಕೆಂಪಾಗುವುದಿಲ್ಲ. ಇಲ್ಲಿ ಕೆಂಪಾಗಿದೆ, ಅಂದರೆ ಬೆಂಕಿ ಇದೇ ಜಾಗದಲ್ಲಿ ಉರಿಯಿತು, ಮತ್ತು ಎರಡು ಉರಿಗಳ ನಡುವೆ ಮಣ್ಣು ಕೂರುವಷ್ಟು ಬಿಡುವಿತ್ತು.

11 ಮೀಟರನ್ನೂ 1:10 ಅಳತೆಯಲ್ಲಿ ಬರೆಯಲು ಸಮಯವಿರಲಿಲ್ಲ. ನಡುವಿನ 4 ಮೀಟರ್ ಮಾತ್ರ ಕೈಯಿಂದ ಬರೆದು, ಉಳಿದದ್ದಕ್ಕೆ ಪಕ್ಕಪಕ್ಕದ ಚಿತ್ರಗಳು ಮುಕ್ಕಾಲು ಪಾಲು ಒಂದರ ಮೇಲೊಂದು ಬರುವಂತೆ ಫೋಟೊ ತೆಗೆದು ಕಂಪ್ಯೂಟರಿನಲ್ಲಿ ಜೋಡಿಸುವ ದಾರಿ ಹಿಡಿದರು. ಕೈಯಿಂದ ಬರೆದ ಭಾಗ ಬಿಡಬಾರದಿತ್ತು ಎಂಬುದು ನಿಜವಾಯಿತು. ಪದರ ಎಲ್ಲಿ ಮುಗಿಯಿತು ಎಂದು ಬೆರಳಿನಿಂದ ಮುಟ್ಟಿ ತೀರ್ಮಾನಿಸಿದ್ದು ಕಾಗದದ ಮೇಲೆ ಇದೆ, ಫೋಟೊದಲ್ಲಿ ಎಷ್ಟೋ ಕಡೆ ಅದು ಕಾಣುವುದಿಲ್ಲ.

ನಾಲ್ಕನೇ ದಿನ ಈ ಕೆಲಸದ ದೊಡ್ಡ ತಿರುವು ಬಂತು. ಗೋಡೆಯ ಬುಡದಲ್ಲಿ, ಕಂದು ಪದರದ ತಲೆಯ ಮೇಲೆ, ಬಕೆಟ್ ಮೇಲಿನ ಬೂದಿಯನ್ನು ಸಿಪ್ಪೆಯಂತೆ ಎಬ್ಬಿಸಿ ಎರಡು ಮೀಟರ್ ಉದ್ದ, ಅರ್ಧ ಮೀಟರಿಗೆ ತುಸು ಹೆಚ್ಚು ಅಗಲದ ಜಗುಲಿ ಬಿಟ್ಟಿತ್ತು. ತಂಡದವರು ಅದರ ಮೇಲೆಯೇ ನಿಂತು ಗೋಡೆ ಕೆರೆಯುತ್ತಿದ್ದರು. ಕಸ ಹೊಡೆಯಲು ಬಂದ ವಯಸ್ಸಾದ ಕೂಲಿ ಹೆಂಗಸು ಪೊರಕೆ ನಿಲ್ಲಿಸಿ ಕುಕ್ಕರುಗಾಲಿನಲ್ಲಿ ಕೂತು ಕೈಯಾಡಿಸಿದರು. "ಸರ, ಕೆಳಗ ಇಳೀರಿ. ಇದು ದನದ ಗೊರಸು. ಹಸಿ ಸಗಣ್ಯಾಗ ನಿಂತದ್ದು. ಇದು ನೋಡ್ರಿ, ಕರದ್ದು, ಸಣ್ಣದೈತಿ." ಎರಡು ಸೀಳಿನ ಗುಂಡಿಗಳು, ಅಂಚು ಹೊರಕ್ಕೆ ಉಬ್ಬಿದವು, ಒಳಗೆ ನಯವಾದ ಬೂದಿ ತುಂಬಿಕೊಂಡಿದ್ದವು. ಮೂರು ದಿನ ಅದರ ಮೇಲೆ ಓಡಾಡಿದವರಿಗೆ ಕಾಣದ್ದು, ಐವತ್ತು ವರ್ಷ ದನ ಕಾಯ್ದವರಿಗೆ ಕಂಡಿತು. ಅವರ ಹೆಸರು ತಂಡದ ಮೂಲ ದಾಖಲೆಯಲ್ಲಿ, ಗುರುತಿಸಿದವರು ಎಂಬ ಕಾಲಮ್ಮಿನಲ್ಲಿದೆ.

ಅಷ್ಟರಲ್ಲಿ ಜಗುಲಿಯ ಮೂರನೇ ಒಂದು ಭಾಗ ತುಳಿದು ಹಾಳಾಗಿತ್ತು. ಉಳಿದದ್ದಕ್ಕೆ ಪ್ಲಾಸ್ಟರ್ ಅಚ್ಚು ತೆಗೆಯೋಣ ಎಂಬ ಸಲಹೆ ಬಂತು, ಬೇಡವೆಂದು ಬಿಟ್ಟರು. ಒಣ ಸಗಣಿ ಪದರ ಪ್ಲಾಸ್ಟರಿನ ನೀರು ಕುಡಿದು ಉಬ್ಬಿ ಅಚ್ಚಿನ ಜೊತೆಗೇ ಕಿತ್ತು ಬರುವ ಅಪಾಯವಿತ್ತು. ಬದಲಿಗೆ ರಾತ್ರಿ ಕತ್ತಲಲ್ಲಿ ಟಾರ್ಚನ್ನು ನೆಲದ ಮಟ್ಟಕ್ಕೆ ಹಿಡಿದು ನಾಲ್ಕು ದಿಕ್ಕಿನಿಂದ ಓರೆ ಬೆಳಕಿನ ಚಿತ್ರ ತೆಗೆದರು. ಮೂರು ಆಯಾಮದ ಮಾದರಿಗೆ ಬೇಕಾದ ಸುಮಾರು ಎಂಬತ್ತು ಫೋಟೊಗಳನ್ನು ಮಾತ್ರ ಮುಂಜಾನೆಯ ಒಂದೇ ತೆರನ ಬೆಳಕಿನಲ್ಲಿ ತೆಗೆದರು. ಎರಡನ್ನೂ ಬೆರೆಸಬಾರದು, ಓರೆ ಬೆಳಕಿನ ನೆರಳು ಬದಲಾಗುತ್ತ ಹೋದರೆ ಕಂಪ್ಯೂಟರಿಗೆ ಚಿತ್ರ ಜೋಡಿಸಲು ಬರುವುದಿಲ್ಲ.

ಮಾದರಿಗಳು: ಎಲ್ಲಿಂದ ತೆಗೆಯಬೇಕಿತ್ತು

ಪದರಗಳ ಸಂಧಿಯಿಂದ ಕದಲದ ಮಣ್ಣಿನ ಗಡ್ಡೆ ಬೇಕು. ಅದಕ್ಕೆಂದೇ ಮಾಡಿದ ಡಬ್ಬಿ ಇರಲಿಲ್ಲ. ತಂಡ ಎಲೆಕ್ಟ್ರಿಕ್ ಅಂಗಡಿಯಿಂದ ಗೋಡೆಗೆ ಕೂರಿಸುವ ಸ್ವಿಚ್ಚಿನ ತಗಡಿನ ಬಾಕ್ಸ್ ತಂದಿತು, ಹಿಂಬದಿ ಕತ್ತರಿಸಿದರೆ ಅದೇ ಸರಿಯಾದ ಚೌಕಟ್ಟು. ಏಳು ಬಾಕ್ಸ್ ಒತ್ತಿದರು, ಪ್ರತಿಯೊಂದರ ಮೇಲೂ ಮೇಲ್ಮುಖದ ಬಾಣ ಗುರುತು. ಬಿಳಿ ಬೂದಿಯ ಎರಡು ಕೈಗೆ ಬಂದಾಗಲೇ ಪುಡಿಯಾದವು. ಉಳಿದ ಐದಕ್ಕೆ ಎರಡೂ ಮುಖಕ್ಕೆ ಟಿಶ್ಯೂ ಹೊದಿಸಿ ಬಿಗಿಯಾಗಿ ಟೇಪ್ ಸುತ್ತಿದರು. ಇವುಗಳನ್ನು ಅಂಟಿನಲ್ಲಿ ಗಟ್ಟಿಮಾಡಿ ಕಾಗದದಷ್ಟು ತೆಳ್ಳಗೆ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಮೆಲುಕು ಹಾಕುವ ಪ್ರಾಣಿಯ ಕರುಳಿನಲ್ಲಿ ಹುಟ್ಟುವ ಸ್ಫೆರುಲೈಟ್ ಎಂಬ ಸುಣ್ಣದ ಸೂಕ್ಷ್ಮ ಗೋಲಿಗಳು ಕಂಡರೆ ಅದು ಸಗಣಿ. ಆ ಗೋಲಿಗಳು ಕಪ್ಪಾಗಿದ್ದರೆ ಉರಿ ಸುಮಾರು 500ರಿಂದ 700 ಡಿಗ್ರಿ. ಅದನ್ನೂ ದಾಟಿದರೆ ಗೋಲಿ ಉಳಿಯುವುದಿಲ್ಲ. ಇನ್ನೂ ಏರಿದರೆ ಹುಲ್ಲಿನ ಮರಳಿನ ಅಂಶವೇ ಕರಗಿ, ಊರವರು ಕಬ್ಬಿಣದ ಕಿಟ್ಟ ಅಂದುಕೊಂಡಿದ್ದ ಆ ಗಾಜಿನ ಪದರ ಆಗುತ್ತದೆ. ತುರ್ಕಿಯ ಆಶಿಕ್ಲಿ ಹ್ಯೊಯುಕ್‌ನಲ್ಲಿ ಮಣ್ಣಿನಲ್ಲಿ ಉಳಿದ ಮೂತ್ರದ ಉಪ್ಪುಗಳಿಂದ ಸಾಕುಪ್ರಾಣಿಗಳು ಹೇಗೆ ಹೆಚ್ಚುತ್ತ ಬಂದವು ಎಂದು ಅಂದಾಜು ಮಾಡಿದ ಅಧ್ಯಯನ 2019ರಲ್ಲಿ ಬಂತು. ತೆರೆದ ಬಯಲಲ್ಲಿ ಸಾವಿರಾರು ಮಳೆಗಾಲ ಕಂಡ ನಮ್ಮ ದಿಬ್ಬಗಳಿಗೆ ಅದನ್ನು ನೇರ ಹಚ್ಚಲು ಬರುವುದಿಲ್ಲ. ಆದರೂ ಪದರಕ್ಕೊಂದು ಹಿಡಿ ಮಣ್ಣು ಬೇರೆ ತೆಗೆದಿಟ್ಟಿದ್ದಾರೆ.

ಸುಟ್ಟ ಕಾಳುಗಳಿಗಾಗಿ 20 ಲೀಟರಿನ ಹದಿನಾಲ್ಕು ಚೀಲ ತುಂಬಿದರು. ಒಂಬತ್ತು ಬೂದಿಯಿಂದ, ಐದು ಮಡಕೆ ಸಿಕ್ಕ ಕಂದು ಮಣ್ಣಿನಿಂದ. ಹಂಚಿಕೆ ತಲೆಕೆಳಗಾಗಿತ್ತು. ಅಷ್ಟು ಕಾವಿನಲ್ಲಿ ಬಿಳಿಯಾಗುವವರೆಗೆ ಉರಿದ ಬೂದಿಯಲ್ಲಿ ಕಾಳು ಉಳಿಯುವುದಿಲ್ಲ, ಗಾಳಿ ಸಾಲದೆ ಇದ್ದಿಲಾದ ಕಾಳು ಮಾತ್ರ ಉಳಿಯುತ್ತದೆ. ಅದು ಸಿಗುವುದು ಜನ ಅಡಿಗೆ ಮಾಡಿಕೊಂಡಿದ್ದ ಕಡೆ. ಬುದಿಹಾಳದ ಬೂದಿದಿಬ್ಬದಲ್ಲಿ ಪುರಾತತ್ತ್ವಜ್ಞ ಪದ್ದಯ್ಯನವರು ದೊಡ್ಡಿಯ ಪಕ್ಕದಲ್ಲೇ ವಸತಿ ಇದ್ದದ್ದನ್ನು ತೋರಿಸಿದ್ದರು. ಬಳ್ಳಾರಿ ಪಕ್ಕದ ಸಂಗನಕಲ್ಲಿನಲ್ಲಿ ಹುರುಳಿ, ಹೆಸರು, ಕೊರಲೆ ಸಿಕ್ಕಿ ದಕ್ಷಿಣದ ಬೇಸಾಯ ಇಲ್ಲಿಯದೇ ಬೆಳೆಗಳಿಂದ ಮೊದಲಾಯಿತು ಎಂಬ ಮಾತಿಗೆ ಬಲ ಬಂದದ್ದು ಇಂಥ ಮಣ್ಣನ್ನು ನೀರಲ್ಲಿ ತೊಳೆದು ಕಾಳು ಬೇರ್ಪಡಿಸಿದ್ದರಿಂದಲೇ. ಇಲ್ಲೂ ಒಂಬತ್ತು ಬೂದಿ ಚೀಲದಲ್ಲಿ ಕಾಳು ಎನ್ನಬಹುದಾದದ್ದು ಎರಡೇ. ಐದು ಕಂದು ಚೀಲಗಳಲ್ಲಿ ಹುರುಳಿ, ಹೆಸರು, ಸಣ್ಣ ಸಿರಿಧಾನ್ಯ ಮೂರೂ ಬಂದವು.

ತೊಳೆಯುವಾಗ ಆದ ಎಡವಟ್ಟೂ ಹೇಳಬೇಕು. ವಿಧಾನ ಸರಳ. ಬಕೆಟ್ಟಿನಲ್ಲಿ ನೀರಿಗೆ ಮಣ್ಣು ಹಾಕಿ ಕೈಯಿಂದ ಮೆಲ್ಲಗೆ ಕಲಕಿ, ತೇಲಿದ್ದನ್ನು 0.25 ಮಿಲಿಮೀಟರ್ ಕಣ್ಣಿನ ಜಾಳಿಗೆ ಬಟ್ಟೆಗೆ ಬಗ್ಗಿಸುವುದು, ಏನೂ ತೇಲದವರೆಗೆ ಮತ್ತೆ ಮತ್ತೆ. ಮೊದಲ ಮೂರು ಚೀಲಕ್ಕೆ ಬೋರಿನ ನೀರು ಬಳಸಿದರು. ಗಡಸು ನೀರು, ಒಣಗಿದಾಗ ಕಾಳಿನ ಮೇಲೆ ಬಿಳಿ ಉಪ್ಪು ಕೂತು ಮೈಯ ಗುರುತು ಮುಚ್ಚಿತು. ಕಾಲುವೆ ನೀರಿಗೆ ಬದಲಾಯಿಸಿದಾಗ ಅದರಲ್ಲಿ ಈಗಿನ ಹುಲ್ಲಿನ ಬೀಜ ತೇಲಿ ಬಂದವು. ಮಡಿಸಿದ ಪಂಚೆಯಲ್ಲಿ ಸೋಸಿ ಬಳಸಿದ ಮೇಲೆ ಸರಿಹೋಯಿತು. ಜಾಳಿಗೆ ಬಟ್ಟೆಯನ್ನು ನೆರಳಲ್ಲೇ ಒಣಗಿಸಬೇಕು, ಬಿಸಿಲಿಗೆ ಹಾಕಿದರೆ ಇದ್ದಿಲು ಕಾಳು ಸಿಡಿದು ಎರಡಾಗುತ್ತದೆ.

ಕಾಲನಿರ್ಣಯಕ್ಕೆ ಇದ್ದಿಲಿಗಿಂತ ಕಾಳು ಮೇಲು. ಮರದ ಇದ್ದಿಲು ತೋರುವುದು ಮರದ ಆ ಭಾಗ ಬೆಳೆದ ವರ್ಷ, ಸುಟ್ಟ ವರ್ಷವಲ್ಲ. ಕಾಳು ಒಂದೇ ಬೆಳೆಯದು. ತಮಿಳುನಾಡಿನ ಶಿವಗಳೈಯಲ್ಲಿ ಕ್ರಿ.ಪೂ. 3345ರವರೆಗೆ ಹೋಗುವ ಇದ್ದಿಲಿನ ಅಂಕಿಗಳನ್ನು 2025ರ ಜನವರಿಯಲ್ಲಿ ಪ್ರಕಟಿಸಿದಾಗ ಕಬ್ಬಿಣದ ಕಾಲದ ಬಗ್ಗೆ ಎದ್ದ ಚರ್ಚೆಯಲ್ಲಿ, ಅದು ಮರ ಬೆಳೆದ ಕಾಲವೋ ಸುಟ್ಟ ಕಾಲವೋ ಎಂಬ ಈ ಪ್ರಶ್ನೆಗೆ ಜಾಗವಿದೆ. ಈ ತಂಡ ಆರಿಸಿದ್ದು ಹುರುಳಿ ಕಾಳು. ಬರಿಗೈ ತಾಗಿಸದೆ ಚಿಮಟದಿಂದ ತೆಗೆದು, ಹತ್ತಿ, ಕಾಗದ ತಾಗಿಸದೆ ಅಲ್ಯುಮಿನಿಯಂ ಹಾಳೆಯಲ್ಲಿ ಸುತ್ತಿ, ಒಣಗಿದ ಮೇಲೆ ಡಬ್ಬಿಗೆ.

ಮಳೆ

ಒಂಬತ್ತನೇ ದಿನ ಕಂದು ಮಣ್ಣಿನಿಂದ ಇನ್ನೂ ಹತ್ತು ಚೀಲ ತೆಗೆಯುವುದೆಂದು ನಿಶ್ಚಯವಾಗಿತ್ತು. ಅಂದು ಸಂಜೆಯೇ ಗುಡುಗು ಸಹಿತ ಮಳೆ ಬಂತು. ಗಡಿಬಿಡಿಯಲ್ಲಿ ಗೋಡೆಗೆ ನೇರವಾಗಿ ಪ್ಲಾಸ್ಟಿಕ್ ತಾಡಪತ್ರೆ ಹೊದಿಸಿದರು. ಬೆಳಗ್ಗೆ ತೆಗೆದರೆ ಒಳಗೆಲ್ಲ ಬೆವರು, ಬುಡದಲ್ಲಿ ನೀರು ನಿಂತು 40 ಸೆಂಟಿಮೀಟರ್ ಎತ್ತರದ ಭಾಗ ದಕ್ಷಿಣ ಕಡೆ ಕುಸಿದಿತ್ತು. ಚೀಲ ತುಂಬಬೇಕಾಗಿದ್ದ ಜಾಗ ಅದೇ. ಗೋಡೆಗೂ ತಾಡಪತ್ರೆಗೂ ನಡುವೆ ಬಿದಿರಿನ ತಡಿಕೆ ಕೊಟ್ಟು ಗಾಳಿ ಆಡುವಂತೆ ಮಾಡಿ, ದಿಬ್ಬದ ನೆತ್ತಿಯ ಮೇಲೆ ಚೀಲದ ಒಡ್ಡು ಹಾಕಿ ನೀರನ್ನು ಪಕ್ಕಕ್ಕೆ ತಿರುಗಿಸಿದ್ದರೆ ಕುಸಿಯುತ್ತಿರಲಿಲ್ಲ.

ಹತ್ತನೇ ದಿನ ಮಾದರಿ ಬಿಟ್ಟು ಮುಚ್ಚುವ ಕೆಲಸ ಹಿಡಿದರು. ಗೋಡೆಗೆ ನರ್ಸರಿಯ ಹಸಿರು ನೆಟ್ ಎರಡು ಪದರ, ಗೋಡೆ ಉಸಿರಾಡಲಿ, ಮುಂದೆ ಬಿಚ್ಚಿದವರಿಗೆ ಹಳೆಯದೂ ಹೊಸದೂ ಎಲ್ಲಿ ಸೇರಿವೆ ಎಂದು ತಿಳಿಯಲಿ ಎಂದು. ಅದಕ್ಕೆ ಆನಿಸಿ ಗರಸು ತುಂಬಿದ ಮುನ್ನೂರು ಹಳೆಯ ಗೊಬ್ಬರದ ಚೀಲಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಪೇರಿಸಿದರು. ಚೀಲಗಳನ್ನು ಮೊದಲು ತೊಳೆದರು, ಯೂರಿಯಾ ಉಳಿಕೆ ಮಳೆಗೆ ಇಳಿದು ಪದರ ಸೇರಿದರೆ ಮುಂದಿನ ರಾಸಾಯನಿಕ ಪರೀಕ್ಷೆ ಕೆಡುತ್ತದೆ. ಗೊರಸಿನ ಜಗುಲಿಗೆ ನೆಟ್ ಮೇಲೆ ಒಂದು ಗೇಣು ಸೋಸಿದ ಮರಳು. ಹನ್ನೆರಡನೇ ದಿನ ಮಧ್ಯಾಹ್ನ ಮುಗಿಯಿತು.

ಆಮೇಲೆ

ಮಡಕೆ ಮತ್ತು ಜರಡಿಯಲ್ಲಿ ಸಿಕ್ಕ ವಸ್ತುಗಳು ಪಟ್ಟಿ ಸಮೇತ ಇಲಾಖೆಯ ಸುಪರ್ದಿಗೆ ಹೋದವು. ಹೊಲದವರು ಪಶ್ಚಿಮದ ಅರ್ಧಕ್ಕೆ ಇಲ್ಲಿಯವರೆಗೆ ಕೈ ಹಚ್ಚಿಲ್ಲ. ಬಿಸಿಲಿಗೆ ಗೊಬ್ಬರದ ಚೀಲಗಳು ಎರಡೇ ವರ್ಷಕ್ಕೆ ಪಿಸಿದವು. ಅದು ಗೊತ್ತಿರಬೇಕಾದ ವಿಷಯ. ಚೀಲದ ಮೇಲೆ ಮಣ್ಣು ಮುಚ್ಚಿ ಹುಲ್ಲು ಬೆಳೆಸಿದ್ದರೆ ಹೆಚ್ಚು ದಿನ ಬಾಳುತ್ತಿದ್ದವು. ಮೂರನೇ ಬೇಸಿಗೆಯಲ್ಲಿ ಮೇಷ್ಟ್ರು ಊರ ಹುಡುಗರನ್ನು ಸೇರಿಸಿ ಆ ಕೆಲಸ ಮಾಡಿಸಿದರು. 2025ರಲ್ಲಿ ಅಮೆರಿಕ, ಕೆನಡಾ, ಭಾರತದ ಸಂಶೋಧಕರು ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 4000 ವರ್ಷ ಹಿಂದಿನ ವಸತಿಯ ಕುರುಹು ಕಂಡ ಸುದ್ದಿ ಪತ್ರಿಕೆಗಳಲ್ಲಿ ಬಂದ ಮೇಲೆ, ಈ ಸೀಮೆಯ ದಿಬ್ಬಗಳ ಬಗ್ಗೆ ಕೇಳಿಕೊಂಡು ಬರುವವರು ಹೆಚ್ಚಿದ್ದಾರೆ.

ಜರಡಿ ಹಿಡಿದ ಬೂದಿ 23 ಟ್ರಿಪ್ ಹೋಯಿತು. ಪ್ರತಿ ಟ್ರಿಪ್ ಯಾವ ಹೊಲಕ್ಕೆ ಬಿತ್ತು ಎಂದು ಮೇಷ್ಟ್ರು ನೋಟುಬುಕ್ಕಿನಲ್ಲಿ ಬರೆದಿಟ್ಟರು, ಒಟ್ಟು ಏಳು ಹೊಲ. ಜೆಸಿಬಿ ಬಂದ ಮೊದಲ ದಿನಗಳಲ್ಲಿ, ಜರಡಿ ಇಲ್ಲದೆ ಹೋದ ಟ್ರಿಪ್ಪುಗಳನ್ನೂ ಟ್ರ್ಯಾಕ್ಟರಿನವರನ್ನು ಕೇಳಿ ಸೇರಿಸಿದರು. ಯಾರೂ ಹೇಳಿ ಮಾಡಿಸಿದ್ದಲ್ಲ. ಹೋದ ವರ್ಷ ದಿಬ್ಬದಿಂದ ಎರಡು ಕಿಲೋಮೀಟರ್ ದೂರದ ಹತ್ತಿ ಹೊಲದಲ್ಲಿ ಬೂದು ಬಣ್ಣದ ಬೋಕಿಗಳೂ ಒಂದು ಕಲ್ಲಿನ ಕೊಡಲಿಯ ತುಂಡೂ ಸಿಕ್ಕಾಗ, ಬೇರೊಂದು ತಂಡ ಅದನ್ನು ಹೊಸ ನೆಲೆ ಎಂದು ನಕ್ಷೆಗೆ ಏರಿಸಲು ಹೊರಟಿತ್ತು. ಮೇಷ್ಟ್ರು ನೋಟುಬುಕ್ ತೆರೆದು ತೋರಿಸಿದರು: ನಾಲ್ಕನೇ ಹೊಲ, ಜರಡಿ ಇಲ್ಲದೆ ಐದು ಟ್ರಿಪ್, ಬದುವಿನ ಪಕ್ಕ ಸುರಿದದ್ದು. ಬೋಕಿಗಳು ಸಿಕ್ಕದ್ದು ಆ ಬದುವಿನ ಪಕ್ಕದಲ್ಲೇ.